ತಪ್ಪು ಜೆಲ್ ಪೆನ್ನಿನದಲ್ಲ, ಆದರೂ ಶಾಯಿ ಪೆನ್ನೇ ಮೇಲು



ಕಳೆದ ವಾರ ಮಂಡ್ಯದ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿಯೊಬ್ಬ ಬಂದಿದ್ದ. ಈಗ ಅವನೂ ಮೇಷ್ಟ್ರು. "ಸಾರ್, ಈ ಜೆಲ್ ಪೆನ್ನಿಂದ ಮಕ್ಕಳ ಅಕ್ಷರ ಕೆಟ್ಟುಹೋಯ್ತು. ನಮ್ಮ ಶಾಲೇಲಿ ಬೇಡವೇ ಬೇಡ ಅಂತ ಹೇಳ್ಬಿಡೋಣ ಅಂತಿದ್ದೀನಿ" ಎಂದ. ನನ್ನ ಜೇಬಿನಲ್ಲಿದ್ದ ಶಾಯಿ ಪೆನ್ನನ್ನು ಕಂಡು, ನಾನು ತಲೆದೂಗುವೆನೆಂದು ಭಾವಿಸಿರಬೇಕು. ನಾನು ಒಪ್ಪಲಿಲ್ಲ.

ಮೊದಲು ಜೆಲ್ ಪೆನ್ನಿಗೆ ಸಲ್ಲಬೇಕಾದ ನ್ಯಾಯ ಸಲ್ಲಲಿ. ಜಪಾನಿನ ಸಕುರಾ ಕಂಪನಿ 1984ರಲ್ಲಿ ಹೊರತಂದ ಈ ಬಗೆಯ ಶಾಯಿ ನೀರಿನಲ್ಲಿ ಕಲಸಿದ್ದು. ಬಾಲ್ ಪೆನ್ನಿನ ಎಣ್ಣೆಶಾಯಿಯಂತೆ ಗಟ್ಟಿಯಲ್ಲ, ಆದ್ದರಿಂದ ಅಷ್ಟು ಒತ್ತಬೇಕಾಗಿಲ್ಲ. ಹೆಚ್ಚಿನ ಜೆಲ್ ಶಾಯಿಗಳಲ್ಲಿ ಬಣ್ಣವು ನೀರಿನಲ್ಲಿ ಕರಗದ ಪುಡಿಯಾಗಿರುವುದರಿಂದ ಒಣಗಿದ ಮೇಲೆ ಸುಲಭವಾಗಿ ಅಳಿಯದು. ನಮ್ಮ ನೀಲಿ ಶಾಯಿಯ ಕಥೆಯೇ ಬೇರೆ. ಮದ್ದೂರಿನಿಂದ ಮಳವಳ್ಳಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದ ವರ್ಷಗಳಲ್ಲಿ, ಮುರಿದ ಕಿಟಕಿಯ ಇರಚಲಿಗೆ ಎಷ್ಟು ಉತ್ತರಪತ್ರಿಕೆಗಳು ನೀಲಿ ಕೆರೆಗಳಾದವೋ!

ಹಾಗಿದ್ದೂ ದಿನನಿತ್ಯದ ಬರವಣಿಗೆಗೆ ನನ್ನ ಮತ ಶಾಯಿ ಪೆನ್ನಿಗೇ. ನಿಬ್ಬನ್ನು ಮಗ್ಗುಲಾಗಿ ಹಿಡಿದರೆ ಬರೆಯದು, ಒತ್ತಿದರೆ ಬಾಯಿಬಿಡುತ್ತದೆ. ತಪ್ಪನ್ನು ಆ ಕ್ಷಣದಲ್ಲೇ ತೋರಿಸುವ ಮೇಷ್ಟ್ರು ಅದು. ಜೆಲ್ ಪೆನ್ನಿನ ತುದಿಯ ಗುಂಡು ಹೇಗೆ ಹಿಡಿದರೂ ಉರುಳುತ್ತದೆ; ಕೈಯ ತಪ್ಪು ಕೈಯಲ್ಲೇ ಉಳಿಯುತ್ತದೆ. ನಮ್ಮ ಕನ್ನಡದ ಅಕ್ಷರಗಳು ದುಂಡು. ಬೆರಳು ಬಿಗಿದರೆ ತಲೆಕಟ್ಟು, ಕೊಂಬು, ಒತ್ತಕ್ಷರ ಯಾವುದೂ ನೆಟ್ಟಗಾಗದು. ಮೇಲಾಗಿ ಶಾಯಿ ಮುಗಿದರೆ ತುಂಬಿಸುತ್ತೇವೆ, ಪೆನ್ನನ್ನು ಎಸೆಯುವುದಿಲ್ಲ.

ಇಷ್ಟಾದರೂ ನಿಷೇಧ ಏಕೆ ಬೇಡ? ಏಕೆಂದರೆ ನಾನು ಅದನ್ನು ಮಾಡಿ ನೋಡಿದವನು. ತೊಂಬತ್ತರ ದಶಕದಲ್ಲಿ, ಬಾಲ್ ಪೆನ್ನು ತಂದನೆಂದು ಕಬ್ಬು ಕಡಿಯುವ ಕೂಲಿಯವರ ಮಗನೊಬ್ಬನನ್ನು ತರಗತಿಯ ಹೊರಗೆ ನಿಲ್ಲಿಸಿದೆ. ಮರುದಿನ ಅವನು ಎಲ್ಲಿಂದಲೋ ಕತ್ತು ಸೀಳಿದ ಶಾಯಿ ಪೆನ್ನೊಂದನ್ನು ದಾರ ಸುತ್ತಿ ತಂದ. ಮಧ್ಯಾಹ್ನದೊಳಗೆ ಅದು ಸೋರಿ ಅಂಗಿಯ ಜೇಬೆಲ್ಲ ನೀಲಿಯಾಯಿತು. ಅವನಿಗಿದ್ದದ್ದು ಅದೊಂದೇ ಸಮವಸ್ತ್ರ. ವಾರವಿಡೀ ಶಾಲೆಗೆ ಬರಲಿಲ್ಲ. ಮೈಸೂರಿನ ಕಾರ್ಖಾನೆ 1962ರಿಂದ ದೇಶಕ್ಕೆ ಒದಗಿಸುತ್ತಿರುವ ಚುನಾವಣೆಯ ಶಾಯಿಯೂ ಕೆಲವು ವಾರಗಳಲ್ಲಿ ಬೆರಳಿನಿಂದ ಮಾಸುತ್ತದೆ. ಆ ಅಂಗಿಯ ಕಲೆ ನನ್ನ ಮನಸ್ಸಿನಿಂದ ಇನ್ನೂ ಮಾಸಿಲ್ಲ.

ಮಕ್ಕಳ ಅಕ್ಷರ ಕೆಟ್ಟಿದ್ದರೆ ಅದಕ್ಕೆ ಕಾರಣ ಅಂಗಡಿಯಲ್ಲಿ ಸಿಗುವ ಪೆನ್ನಲ್ಲ. ದಿನಕ್ಕೊಂದು ಪುಟ ಕಾಪಿ ಬರೆಸುವುದನ್ನು ಬಿಟ್ಟವರು ನಾವು. ಬರೆಸಿದರೂ ಓದದೆ ಸಹಿ ಹಾಕಿದವರು ನಾವು. ನಮ್ಮ ಸೋಮಾರಿತನದ ಹೊರೆಯನ್ನು ಪೆನ್ನಿನ ತಲೆಗೆ ಹೊರಿಸುವುದು ಸರಿಯಲ್ಲ.

ಆದ್ದರಿಂದ ಆ ಶಿಷ್ಯನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ನಿಷೇಧ ಬೇಡ. ತರಗತಿಯ ಬೀರುವಿನಲ್ಲಿ ನಾಲ್ಕು ಒಳ್ಳೆಯ ಶಾಯಿ ಪೆನ್ನು, ಒಂದು ಬಾಟಲಿ ಶಾಯಿ ಇಡಿ. ದಿನಕ್ಕೊಂದು ಪುಟ ಸರದಿಯಂತೆ ಬರೆಸಿ, ಪಕ್ಕದಲ್ಲಿ ಕುಳಿತು ತಿದ್ದಿ. ಪರೀಕ್ಷೆಯಲ್ಲಿ ಮಗು ತನ್ನ ಕೈಗೆ ಒಗ್ಗಿದ ಪೆನ್ನಿನಲ್ಲಿ ಬರೆಯಲಿ. ಮನೆಯಲ್ಲಿ ಮೊಮ್ಮಕ್ಕಳಿರುವ ಬಂಧುಗಳೂ ಇದನ್ನು ಮಾಡಬಹುದು.

ಆ ಹುಡುಗ ಇದನ್ನು ಓದುತ್ತಿದ್ದರೆ, ಅಂದು ತಪ್ಪು ನನ್ನದೇ ಆಗಿತ್ತಪ್ಪ.