ಹಳೆಯ ಜೀಪಿಗೆ ಹಾಡಿನ ಪೆಟ್ಟಿಗೆ



ಹಿರಿಯರು ಜತನ ಮಾಡಿದ ವಸ್ತುವನ್ನು ಬಳಸುವುದೋ, ಕಾಪಾಡುವುದೋ ಎಂಬ ಪ್ರಶ್ನೆ ಪ್ರತಿಯೊಂದು ಮನೆಯಲ್ಲಿಯೂ ಒಂದಿಲ್ಲೊಂದು ದಿನ ಏಳುತ್ತದೆ. ನಮ್ಮಲ್ಲಿ ಅದು ಎದ್ದುದು ತಂದೆಯವರ ಜೀಪಿನ ನಿಮಿತ್ತವಾಗಿ.

ಎರಡನೆಯ ಮಹಾಯುದ್ಧದಲ್ಲಿ ಹೆಸರಾದ ವಿಲ್ಲಿಸ್ ಜೀಪನ್ನು ನಮ್ಮ ದೇಶದಲ್ಲಿ ಮಹೀಂದ್ರಾ ಸಂಸ್ಥೆಯು 1940ರ ದಶಕದ ಕೊನೆಯಲ್ಲಿ ಜೋಡಿಸತೊಡಗಿತು. ಅದೇ ವಂಶದ ಗಾಡಿ ನಮ್ಮದು. ಕ್ಯಾನ್ವಾಸ್ ಹೊದಿಕೆಯನ್ನು ಬಿಚ್ಚಿದರೆ ಮೇಲೆ ಆಕಾಶವೊಂದೇ. ಬೆಳಗಾವಿಯಿಂದ ಖಾನಾಪುರದ ಹೊಲಕ್ಕೆ ಹೋಗುವಾಗ ಅಜ್ಜನಿಗೆ ಹಾಡು ಕೇಳಿಸಬೇಕೆಂಬ ಆಸೆ ನಮ್ಮ ಮಗನಿಗೆ. ಡ್ಯಾಶ್‌ಬೋರ್ಡಿನ ತಗಡು ಕೊರೆಯಲು ತಂದೆಯವರು ಒಪ್ಪಲಿಲ್ಲ. ಮೆಕ್ಯಾನಿಕನೊಬ್ಬನು ಫ್ಯೂಜ್ ಇಲ್ಲದೆ ಬ್ಯಾಟರಿಯಿಂದ ನೇರವಾಗಿ ತಂತಿಯೆಳೆದು, ಸ್ಟೀರಿಯೊವನ್ನು ಕೆಳಗೆ ತೂಗುಹಾಕಿ ಕೊಟ್ಟನು.

ಪೀರನವಾಡಿಯನ್ನು ದಾಟಿ ಸ್ವಲ್ಪ ದೂರ ಸಾಗುವಷ್ಟರಲ್ಲಿ ಸುಟ್ಟ ವಾಸನೆ ಬಂದಿತು. ತಗಡಿನ ಅಂಚಿಗೆ ಉಜ್ಜಿ ತಂತಿಯ ಹೊದಿಕೆ ಹರಿದು ಹೊಗೆಯಾಡುತ್ತಿತ್ತು. ಈ ಜೀಪಿನಲ್ಲಿ ಪೆಟ್ರೋಲ್ ಟಾಕಿ ಇರುವುದು ಚಾಲಕನ ಆಸನದ ಕೆಳಗೆಯೇ! ಮಗನು ಬ್ಯಾಟರಿಯ ತಂತಿಯನ್ನು ಕಿತ್ತುದರಿಂದ ಅನಾಹುತ ತಪ್ಪಿತು. ತಂದೆಯವರು ಇಷ್ಟೇ ಅಂದರು: “ತಮ್ಮಾ, ಗಾಡಿ ಕೆಟ್ಟರ ರಿಪೇರಿ ಮಾಡಬಹುದು. ಅದರಾಗ ಕುಂತವರಿಗೆ ಏನರೆ ಆದರ?”

ಆ ಮಾತು ನಮ್ಮ ಮನಸ್ಸಿನಲ್ಲಿ ನಿಂತಿತು. ಮರುದಿನವೇ ಬಡಿಗೇರರಲ್ಲಿ ಸಾಗವಾನಿಯ ಪೆಟ್ಟಿಗೆಯೊಂದನ್ನು ಮಾಡಿಸಿದೆವು. ಸ್ಟೀರಿಯೊ, ಎರಡು ಸ್ಪೀಕರು, 12 ವೋಲ್ಟಿನ 7 ಆಂಪಿಯರ್-ಅವರ್ ಸೀಲ್ಡ್ ಬ್ಯಾಟರಿ ಎಲ್ಲವೂ ಅದರೊಳಗೆ. ಬ್ಯಾಟರಿಯ ಧನ ತುದಿಗೆ ಹತ್ತಿಯೇ 5 ಆಂಪಿಯರ್ ಫ್ಯೂಜ್. ಗಾಡಿಯ ವಿದ್ಯುತ್ತಿಗೂ ಇದಕ್ಕೂ ಸಂಬಂಧವೇ ಇಲ್ಲ. ಹಳೆಯ ಗಾಡಿಗಳಲ್ಲಿ ಕೆಲವು 6 ವೋಲ್ಟಿನವು, ಕೆಲವಕ್ಕೆ ಧನ ತುದಿಯೇ ಅರ್ಥ್. ಬ್ಯಾಟರಿ ಬೇರೆಯಾದರೆ ಆ ತೊಡಕೂ ಇಲ್ಲ, ಹಾಡು ಕೇಳಿ ಗಾಡಿ ಸ್ಟಾರ್ಟ್ ಆಗದಿರುವ ಭಯವೂ ಇಲ್ಲ. ಒಂದೂವರೆ ಆಂಪಿಯರ್ ಎಳೆದರೆ ಮೂರು ಗಂಟೆಗೆ ಮೋಸವಿಲ್ಲ.

ತೆರೆದ ಗಾಡಿಯಲ್ಲಿ ನಾದವನ್ನು ಹಿಡಿದಿಡಲು ಗೋಡೆಯಿಲ್ಲ, ಛಾವಣಿಯಿಲ್ಲ. ವಾಟ್ ಇಮ್ಮಡಿಸಿದರೆ ಹೆಚ್ಚುವುದು ಬರೀ 3 ಡೆಸಿಬೆಲ್. ಸ್ಪೀಕರಿನ ದೂರವನ್ನು ಅರ್ಧಕ್ಕಿಳಿಸಿದರೆ ಸುಮಾರು 6. ಆದ್ದರಿಂದ ದೊಡ್ಡ ಯಂತ್ರ ಕೊಳ್ಳದೆ, ಪೆಟ್ಟಿಗೆಯನ್ನು ತಂದೆಯವರ ಬೆನ್ನ ಹಿಂದೆಯೇ ಇರಿಸಿದೆವು. ಬ್ರೇಕ್ ಹಾಕಿದಾಗ ಮುನ್ನುಗ್ಗದಂತೆ ಎರಡು ಪಟ್ಟಿಗಳಿಂದ ಬಿಗಿದೆವು. ಖಾನಾಪುರದ ಮಳೆಗೆ ಕಾಗದದ ಕೋನು ತಾಳದೆಂದು ಪ್ಲಾಸ್ಟಿಕ್ ಕೋನಿನ ಸ್ಪೀಕರನ್ನೇ ಆರಿಸಿದೆವು. ಹಿಂದಿನ ವಾಹನದ ಹಾರ್ನ್ ಕೇಳುವಷ್ಟೇ ದನಿ. ಇಳಿಯುವಾಗ ಪೆಟ್ಟಿಗೆಯೂ ನಮ್ಮೊಡನೆ ಇಳಿಯುತ್ತದೆ. ಬಾಗಿಲಿಲ್ಲದ ಗಾಡಿಗೆ ಬೀಗವೆಲ್ಲಿಯದು?

ಕಳೆದ ವಾರ ಮಲಪ್ರಭೆಯ ದಂಡೆಯಲ್ಲಿ ಜೀಪು ನಿಲ್ಲಿಸಿ ಕುಮಾರ ಗಂಧರ್ವರ ಗಾಯನವನ್ನು ಹಚ್ಚಿದೆವು. ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದವರು ಅವರು. ತಂದೆಯವರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಡ್ಯಾಶ್‌ಬೋರ್ಡಿನ ಮೇಲೆ ಕೈಯಾಡಿಸಿ, “ಒಂದ ತೂತೂ ಇಲ್ಲ ನೋಡು” ಎಂದು ಮೊಮ್ಮಗನತ್ತ ನಕ್ಕರು.

ಹೊಸದು ಬರಲಿ. ಆದರೆ ಬೇಡವಾದ ದಿನ ಗಾಯವಿಲ್ಲದೆ ತೆಗೆಯುವಂತೆ ಬರಲಿ. ಹಳೆಯ ಗಾಡಿಗೆ ಒಪ್ಪುವ ಈ ಮಾತು, ಹಿರಿಯರಿರುವ ಮನೆಗೂ ಒಪ್ಪೀತೆಂದು ನಮಗೆ ತೋರುತ್ತದೆ.