ಹಳೆಯ ಚಿತ್ರವನ್ನು ಮತ್ತೆ ತೆಗೆದರೆ ತಪ್ಪೇನು?

ಒಮ್ಮೆ ಗೆದ್ದ ಚಿತ್ರವನ್ನು ಇನ್ನೊಬ್ಬರು ಹೊಸದಾಗಿ ತೆಗೆಯುತ್ತಾರೆಂಬ ಸುದ್ದಿ ಬಂದರೆ ಸಾಕು, ಚಿತ್ರರಸಿಕರಲ್ಲಿ ಹಲವರು ಮೂಗು ಮುರಿಯುತ್ತಾರೆ. ಅದರಲ್ಲಿಯೂ ‘ವೆಸ್ಟರ್ನ್’ ಎಂದು ಹೆಸರಾದ, ಅಮೆರಿಕದ ಪಶ್ಚಿಮ ಸೀಮೆಯ ಕುದುರೆ-ಕೋವಿಗಳ ಚಿತ್ರಗಳನ್ನು ಮೆಚ್ಚುವವರ ಹಟ ದೊಡ್ಡದು. ಜಾನ್ ವೇನ್ ಅಭಿನಯಿಸಿದ ಪಾತ್ರವನ್ನು ಮತ್ತೊಬ್ಬ ಮುಟ್ಟಿದರೆ ಮೈಲಿಗೆಯಾಯಿತೆಂದೇ ಅವರ ಭಾವನೆ. ನಾನೂ ವೇನನ ಅಭಿಮಾನಿಯೇ. ಆದರೂ ಈ ಮಾತನ್ನು ಒಪ್ಪಲಾರೆ. ‘ಟ್ರೂ ಗ್ರಿಟ್’ ಎಂಬ ಒಂದೇ ಕಥೆಯ ಎರಡು ಚಿತ್ರಗಳನ್ನು ಮುಂದಿಟ್ಟುಕೊಂಡು ನನ್ನ ಕಾರಣವನ್ನು ಹೇಳುತ್ತೇನೆ.

ಕಥೆಯ ಮೂಲ ಚಾರ್ಲ್ಸ್ ಪೋರ್ಟಿಸ್ 1968ರಲ್ಲಿ ಪ್ರಕಟಿಸಿದ ಕಾದಂಬರಿ. ಆರ್ಕನ್ಸಾ ಪ್ರಾಂತದ ಹದಿನಾಲ್ಕು ವರ್ಷದ ಹುಡುಗಿ ಮ್ಯಾಟಿ ರಾಸ್. ಅವಳ ತಂದೆಯನ್ನು ಅವನ ಆಳೇ ಗುಂಡಿಟ್ಟು ಕೊಂದು, ಇಂಡಿಯನ್ ಬುಡಕಟ್ಟುಗಳಿಗೆ ಬಿಟ್ಟಿದ್ದ ಸೀಮೆಗೆ ಓಡಿಹೋಗಿದ್ದಾನೆ. ಅವನನ್ನು ಹಿಡಿಯಲು ಹುಡುಗಿ ರೂಸ್ಟರ್ ಕಾಗ್‌ಬರ್ನ್ ಎಂಬ ಒಕ್ಕಣ್ಣಿನ, ಕುಡುಕ ಮಾರ್ಷಲನನ್ನು ಹಣ ಕೊಟ್ಟು ಗೊತ್ತುಮಾಡುತ್ತಾಳೆ, ತಾನೂ ಹೊರಡುತ್ತಾಳೆ. ಇದನ್ನೆಲ್ಲ ನಮಗೆ ಹೇಳುವವಳು ಮ್ಯಾಟಿಯೇ, ಅದೂ ವಯಸ್ಸಾದ ಮೇಲೆ. ಒಂದು ತೋಳನ್ನು ಕಳೆದುಕೊಂಡು, ಮದುವೆಯಾಗದೆ, ಬ್ಯಾಂಕು ನಡೆಸಿಕೊಂಡಿರುವ ಬಿಗಿಮಾತಿನ ಹೆಂಗಸು. ಆ ಮಾತಿನ ಧಾಟಿಯೇ ಪುಸ್ತಕದ ಜೀವ.

ಮರುವರ್ಷವೇ, 1969ರಲ್ಲಿ, ಹೆನ್ರಿ ಹ್ಯಾಥವೇ ಚಿತ್ರ ತೆಗೆದರು. ಕಥೆ ಹೇಳುವ ಆ ಹೆಂಗಸು ಮಾಯವಾದಳು. ಹುಡುಗಿಯ ತೋಳೂ ಉಳಿಯಿತು. ಆರ್ಕನ್ಸಾದ ಬದಲು ಕೊಲೊರಾಡೊದ ಬೆಟ್ಟಗಳು ಬಂದವು. ನೋಡಲು ಬಲು ಸೊಗಸು, ಅದರಲ್ಲಿ ಎರಡು ಮಾತಿಲ್ಲ. ಕುದುರೆಯ ಲಗಾಮನ್ನು ಹಲ್ಲಿನಲ್ಲಿ ಕಚ್ಚಿ, ಎರಡು ಕೈಗಳಲ್ಲೂ ಬಂದೂಕು ಹಿಡಿದು, ನಾಲ್ವರ ಮೇಲೆ ಒಬ್ಬನೇ ನುಗ್ಗುವ ವೇನನನ್ನು ನೋಡಿ ಎದೆಯುಬ್ಬದವರು ಯಾರು? ಆತನಿಗೆ ಆಸ್ಕರ್ ಪ್ರಶಸ್ತಿಯೂ ದೊರಕಿತು, ಜೀವಮಾನದಲ್ಲಿ ಅದೊಂದೇ. ಆದರೆ ಕಥೆ ಮಾತ್ರ ಹುಡುಗಿಯ ಕೈತಪ್ಪಿ ನಟನ ಪಾಲಾಯಿತು.

2010ರಲ್ಲಿ ಕೋಯನ್ ಸೋದರರು ಮತ್ತೆ ಇದಕ್ಕೆ ಕೈಹಾಕಿದಾಗ ಹಳೆಯ ಚಿತ್ರವನ್ನು ತಿದ್ದಲು ಹೋಗಲಿಲ್ಲ, ನೇರವಾಗಿ ಪುಸ್ತಕಕ್ಕೆ ಹೋದರು. ವ್ಯತ್ಯಾಸವನ್ನು ಕೊನೆಯಲ್ಲಿ ನೋಡಬೇಕು. ಹಳೆಯದರಲ್ಲಿ, ಹಿಮ ಬಿದ್ದ ಸ್ಮಶಾನದಲ್ಲಿ ಮ್ಯಾಟಿ ತನ್ನ ಮನೆಯವರ ಪಕ್ಕದಲ್ಲೇ ರೂಸ್ಟರನಿಗೂ ಜಾಗ ಕೊಡುತ್ತೇನೆನ್ನುತ್ತಾಳೆ. ಆತ ಬೇಲಿಯ ಮೇಲೆ ಕುದುರೆ ಹಾರಿಸಿ, ಟೋಪಿ ಬೀಸಿ ಹೊರಟುಹೋಗುತ್ತಾನೆ. ಹೊಸದರಲ್ಲಿ ಇಪ್ಪತ್ತೈದು ವರ್ಷ ಕಳೆದಿದೆ. ಒಂದು ತೋಳಿನ ಮ್ಯಾಟಿ ಅವನನ್ನು ಹುಡುಕಿಕೊಂಡು ಬರುವಾಗ ಅವನು ಸತ್ತು ಮೂರು ದಿನ. ಹೆಣವನ್ನು ತರಿಸಿ ತನ್ನವರ ಜಾಗದಲ್ಲಿ ಮಣ್ಣುಮಾಡಿಸುತ್ತಾಳೆ. ಅಲ್ಲಿ ಕೇವಲ ಮಾತಾಗಿದ್ದುದು ಇಲ್ಲಿ ನಡೆದುಹೋಗುತ್ತದೆ. ಕೆಚ್ಚಿಗೆ ತೆತ್ತ ಬೆಲೆ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಪಂಪ ಹೇಳಿದ ಭಾರತವನ್ನು ಕುಮಾರವ್ಯಾಸ ಮತ್ತೆ ಏಕೆ ಹೇಳಿದನೆಂದು ನಾವಾರೂ ಜಗಳ ತೆಗೆಯುವುದಿಲ್ಲ. ಒಬ್ಬನಿಗೆ ಅರ್ಜುನ ನಾಯಕ, ಮತ್ತೊಬ್ಬನಿಗೆ ಕೃಷ್ಣನ ಕಥೆಯೇ ಮುಖ್ಯ. ಸಿನಿಮಾಕ್ಕೆ ಮಾತ್ರ ಏಕೆ ಬೇರೆ ನ್ಯಾಯ?

ಹಾಗೆಂದು ಮತ್ತೆ ತೆಗೆದದ್ದೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಕುರೊಸಾವ 1954ರಲ್ಲಿ ತೆಗೆದ ‘ಸೆವೆನ್ ಸಮುರಾಯ್’ 1960ರಲ್ಲಿ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ಎಂಬ ವೆಸ್ಟರ್ನ್ ಆಯಿತು. (ಮರುಚಿತ್ರಣವೆಂದರೆ ಮುಖ ಸಿಂಡರಿಸುವವರೇ ಇದನ್ನು ಹಾಡಿ ಹೊಗಳುವುದು ಸೋಜಿಗ.) 2016ರಲ್ಲಿ ಅದು ಮೂರನೆಯ ಬಾರಿಗೆ ಬಂದಾಗ, ಬಡ ಹಳ್ಳಿಗರಿಗಾಗಿ ಪರರು ಪ್ರಾಣ ಕೊಡುವ ಕಥೆಗೆ ನಾಯಕನ ಸ್ವಂತ ಸೇಡನ್ನು ಸೇರಿಸಿದರು. ಗುಂಡಿನ ಸದ್ದು ಹೆಚ್ಚಿತು, ಹೇಳುವುದು ಕಡಿಮೆಯಾಯಿತು. ಇಂಥದ್ದನ್ನು ತೆಗೆಯದಿದ್ದರೆ ಯಾರಿಗೂ ನಷ್ಟವಿಲ್ಲ.

ಕೋಯನ್ನರ ಚಿತ್ರ ಹತ್ತು ಆಸ್ಕರ್‌ಗಳಿಗೆ ಸೂಚಿತವಾಗಿ ಒಂದನ್ನೂ ಪಡೆಯಲಿಲ್ಲ. ಅದಕ್ಕೆ ನನಗೆ ಬೇಸರವಿಲ್ಲ. ರೂಸ್ಟರನಾದ ಜೆಫ್ ಬ್ರಿಜಸ್ ಮುಖ್ಯ ನಟರ ಪಟ್ಟಿಯಲ್ಲಿದ್ದರು. ಮೊದಲಿಂದ ಕೊನೆಯವರೆಗೆ ಬಹುಮಟ್ಟಿಗೆ ಪ್ರತಿ ದೃಶ್ಯದಲ್ಲೂ ಇದ್ದು ಕಥೆಯನ್ನು ಹೊತ್ತು ನಡೆದ ಹದಿಮೂರರ ಹುಡುಗಿ ಹೇಲಿ ಸ್ಟೈನ್‌ಫೆಲ್ಡ್‌ಳನ್ನು ಮಾತ್ರ ಪೋಷಕ ನಟಿಯರ ಸಾಲಿನಲ್ಲಿ ಕೂರಿಸಿದರು!