ಆಸ್ಪತ್ರೆಗಳಲ್ಲಿ ಬೆಂಕಿಯ ಅಣಕು: ಪ್ರದರ್ಶನ ಸಾಕು, ತಾಲೀಮು ಬೇಕು

2024ರ ನವೆಂಬರ್ 15ರ ರಾತ್ರಿ ಉತ್ತರ ಪ್ರದೇಶದ ಝಾನ್ಸಿಯ ಮಹಾರಾಣಿ ಲಕ್ಷ್ಮೀಬಾಯಿ ವೈದ್ಯಕೀಯ ಕಾಲೇಜಿನ ಶಿಶು ತೀವ್ರ ನಿಗಾ ಘಟಕಕ್ಕೆ ಬೆಂಕಿ ಹತ್ತಿಕೊಂಡು 10 ಹಸುಗೂಸುಗಳು ಅಸುನೀಗಿದವು. ಕಿಟಕಿಯ ಗಾಜು ಒಡೆದು ಉಳಿದ ಶಿಶುಗಳನ್ನು ಹೊರತಂದರು. ತಮ್ಮ ಮಗು ಎಲ್ಲಿದೆ, ಬದುಕಿದೆಯೇ ಇಲ್ಲವೇ ಎಂದು ತಿಳಿಯದೆ ಹೆತ್ತವರು ಗಂಟೆಗಟ್ಟಲೆ ಅಲೆದರು. ಆ ದಿನಗಳ ಸುದ್ದಿಯ ನಡುವೆ ಒಂದು ಸಂಗತಿ ಯಾರ ಗಮನವನ್ನೂ ಅಷ್ಟಾಗಿ ಸೆಳೆಯಲಿಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ಅಲ್ಲಿ ಅಗ್ನಿ ಸುರಕ್ಷತೆಯ ತಪಾಸಣೆ ನಡೆದಿತ್ತು, ಜೂನ್‌ನಲ್ಲಿ ಅಣಕು ಕಾರ್ಯಾಚರಣೆಯೂ ಆಗಿತ್ತು ಎಂದು ಉಪಮುಖ್ಯಮಂತ್ರಿ ಬ್ರಜೇಶ್ ಪಾಠಕ್ ಅವರೇ ಹೇಳಿದ್ದರು.

ಅಂದರೆ ಕಡತದ ಮಟ್ಟಿಗೆ ಎಲ್ಲವೂ ಸರಿಯಾಗಿಯೇ ಇತ್ತು!

ನಮ್ಮಲ್ಲಿ ಇದಕ್ಕೆ 'ಅಣಕು ಪ್ರದರ್ಶನ' ಎಂಬ ಹೆಸರು ರೂಢಿಯಾಗಿದೆ. ಹೆಸರಿಗೆ ತಕ್ಕಂತೆ ಅದು ಪ್ರದರ್ಶನವೇ ಆಗಿಬಿಟ್ಟಿದೆ. ಬೆಳಗ್ಗೆ ಹನ್ನೊಂದು ಗಂಟೆಗೆ ಆಸ್ಪತ್ರೆಯ ಅಂಗಳದಲ್ಲಿ ಕಬ್ಬಿಣದ ತಟ್ಟೆಗೆ ಡೀಸೆಲ್ ಸುರಿದು ಬೆಂಕಿ ಕೊಡುತ್ತಾರೆ. ಅಗ್ನಿಶಾಮಕ ದಳದವರು ಸಿಲಿಂಡರಿನ ಪಿನ್ನು ಕಿತ್ತು ನಂದಿಸಿ ತೋರಿಸುತ್ತಾರೆ. ನಾಲ್ಕು ಮಂದಿ ನರ್ಸ್‌ಗಳು ಸರದಿಯಲ್ಲಿ ಅದನ್ನೇ ಮಾಡುತ್ತಾರೆ. ಚಪ್ಪಾಳೆ, ಫೋಟೊ, ಚಹಾ, ವಂದನಾರ್ಪಣೆ. ಸಿಲಿಂಡರ್ ಹಿಡಿಯಲು ಕಲಿಯುವುದು ಒಳ್ಳೆಯದೇ. ಆದರೆ ಅದು ಮೊದಲ ಒಂದೆರಡು ನಿಮಿಷದ ಮದ್ದು. ಆಮೇಲೆ ಏನು?

ನಡೆದ ದುರಂತಗಳ ಹೊತ್ತನ್ನು ಒಮ್ಮೆ ಗಮನಿಸಿ. 2011ರ ಡಿಸೆಂಬರ್ 9ರಂದು ಕೊಲ್ಕತ್ತಾದ ಆಮ್ರಿ ಆಸ್ಪತ್ರೆ, 2021ರ ಜನವರಿಯಲ್ಲಿ ಮಹಾರಾಷ್ಟ್ರದ ಭಂಡಾರ ಜಿಲ್ಲಾಸ್ಪತ್ರೆ, ಅದೇ ವರ್ಷ ಏಪ್ರಿಲ್‌ನಲ್ಲಿ ವಿರಾರ್, ಮೇ ತಿಂಗಳಲ್ಲಿ ಗುಜರಾತಿನ ಭರೂಚ್, 2024ರ ಮೇ ತಿಂಗಳಲ್ಲಿ ದೆಹಲಿಯ ವಿವೇಕ್ ವಿಹಾರದ ಶಿಶು ಆಸ್ಪತ್ರೆ, 2025ರ ಅಕ್ಟೋಬರ್ 5ರಂದು ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆ. ಎಲ್ಲವೂ ರಾತ್ರಿ, ಇಲ್ಲವೇ ಬೆಳಗಿನ ಜಾವ. ವಾರ್ಡಿನಲ್ಲಿ ಒಬ್ಬಿಬ್ಬರು ನರ್ಸ್‌ಗಳು ಮಾತ್ರ ಇರುವ, ದೊಡ್ಡ ವೈದ್ಯರು ಮನೆಯಲ್ಲಿರುವ, ಮೆಟ್ಟಿಲ ಬಾಗಿಲಿನ ಕೀಲಿ ಯಾರ ಬಳಿ ಇದೆ ಎಂದು ಹುಡುಕಬೇಕಾದ ಹೊತ್ತು ಅದು. ಹಗಲಿನ ಅಣಕು ಆ ಹೊತ್ತಿಗೆ ಏನನ್ನೂ ಕಲಿಸುವುದಿಲ್ಲ.

ಆಮ್ರಿಯಲ್ಲಿ 90ಕ್ಕಿಂತ ಹೆಚ್ಚು ಮಂದಿ ಸತ್ತರು. ಬೆಂಕಿ ಇದ್ದದ್ದು ನೆಲಮಾಳಿಗೆಯಲ್ಲಿ, ಸತ್ತವರು ಮಲಗಿದ್ದದ್ದು ಮೇಲಿನ ಮಹಡಿಗಳಲ್ಲಿ. ಹೆಚ್ಚಿನವರನ್ನು ಕೊಂದದ್ದು ಹೊಗೆ. ನೆರವಿಗೆ ಓಡಿಬಂದ ಸುತ್ತಲಿನ ಬಡಾವಣೆಯ ಯುವಕರನ್ನು ಕಾವಲುಗಾರರು ಮೊದಲು ಗೇಟಿನಿಂದಲೇ ಹಿಂದಕ್ಕೆ ಕಳುಹಿಸಿದ್ದರು. ಕೇರಳದ ಇಬ್ಬರು ನರ್ಸ್‌ಗಳು ಎಂಟು ರೋಗಿಗಳನ್ನು ಹೊರಸಾಗಿಸಿ, ಮತ್ತೊಬ್ಬರಿಗಾಗಿ ಒಳಹೋಗಿ ಪ್ರಾಣತೆತ್ತರು. ಮನೆಗೊಬ್ಬ ನರ್ಸ್ ಇರುವ ನಮ್ಮ ಕರಾವಳಿಯ ಊರುಗಳಿಗೆ ಈ ಸುದ್ದಿಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಾಗಾದರೆ ನಿಜಕ್ಕೆ ಹತ್ತಿರವಾದ ತಾಲೀಮು ಹೇಗಿರಬೇಕು? ಸಿಬ್ಬಂದಿಗೆ ಮುನ್ಸೂಚನೆ ಇಲ್ಲದೆ, ರಾತ್ರಿ ಪಾಳಿಯಲ್ಲಿ, ಆ ಹೊತ್ತಿಗೆ ಇರುವಷ್ಟೇ ಜನರೊಂದಿಗೆ ನಡೆಯಬೇಕು. ಮಂಚದ ಮೇಲೆ ಮನುಷ್ಯನ ತೂಕದ ಮರಳಿನ ಬೊಂಬೆ, ಇಲ್ಲವೇ ರೋಗಿಯ ಉಡುಪು ತೊಟ್ಟ ನರ್ಸಿಂಗ್ ವಿದ್ಯಾರ್ಥಿಗಳು. ಮಂಗಳೂರು, ಉಡುಪಿಯಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಬರವಿಲ್ಲವಷ್ಟೇ. ನಾಟಕದವರು ಬಳಸುವ ಹೊಗೆಯಂತ್ರದಿಂದ ಕಾರಿಡಾರ್ ತುಂಬಾ ಹೊಗೆ ಬಿಡಬೇಕು. ಲಿಫ್ಟ್ ನಿಲ್ಲಿಸಬೇಕು. ಅರವತ್ತು ಕಿಲೋದ ದೇಹವನ್ನು ಬೆಡ್‌ಶೀಟಿನಲ್ಲಿ ಸುತ್ತಿ ನೆಲದ ಮೇಲೆ ಎಳೆಯುವುದು, ಮೆಟ್ಟಿಲಿನ ತಿರುವಿನಲ್ಲಿ ಇಳಿಸುವುದು ಎಷ್ಟು ಕಷ್ಟವೆಂದು ಕೈಗಳಿಗೆ ಗೊತ್ತಾಗುವುದು ಆಗಲೇ. ಎಲ್ಲರನ್ನೂ ಕೆಳಗಿಳಿಸಲೇಬೇಕೆಂದಿಲ್ಲ. ಮೊದಲು ಅದೇ ಮಹಡಿಯಲ್ಲಿ, ಬೆಂಕಿ ತಡೆಯುವ ಬಾಗಿಲಿನ ಆಚೆಗೆ ಸಾಗಿಸಿ ಬಾಗಿಲು ಮುಚ್ಚುವುದೇ ಆಸ್ಪತ್ರೆಗೆ ಸರಿಯಾದ ಕ್ರಮ. ಆದರೆ ಆ ಬಾಗಿಲಿಗೆ ಹಳೆಯ ಮಂಚಗಳನ್ನು ಒರಗಿಸಿಟ್ಟಿದ್ದರೆ?

ಆಮ್ಲಜನಕದ ಪ್ರಶ್ನೆ ಇನ್ನೂ ಸೂಕ್ಷ್ಮ. ಗಾಳಿಯಲ್ಲಿ ಆಮ್ಲಜನಕ ಹೆಚ್ಚಿದಂತೆ ಹಾಸಿಗೆ, ಪರದೆಗಳು ಕ್ಷಣದಲ್ಲಿ ಹೊತ್ತಿಕೊಳ್ಳುತ್ತವೆ. ಆದ್ದರಿಂದ ವಾರ್ಡಿನ ಕವಾಟ ಮುಚ್ಚಲೇಬೇಕು. ಮುಚ್ಚಿದರೆ ಅದನ್ನೇ ನಂಬಿ ಉಸಿರಾಡುವ ರೋಗಿಯ ಗತಿ? ಮುಚ್ಚುವವರು ಯಾರು, ಯಾರ ಅಪ್ಪಣೆಯಿಂದ, ಸಣ್ಣ ಸಿಲಿಂಡರ್ ಮತ್ತು ಅಂಬು ಬ್ಯಾಗ್ ಯಾರ ಕೈಯಲ್ಲಿ? ಹೊಗೆ ತುಂಬಿದ ಮೇಲೆ ಇದನ್ನು ಚರ್ಚಿಸಲು ಕೂರಲಾಗದು.

ನಿಜವಾದ ರೋಗಿಗಳು ಹೆದರುವುದಿಲ್ಲವೇ ಎಂದು ಆಡಳಿತದವರು ಕೇಳುತ್ತಾರೆ. ನ್ಯಾಯವಾದ ಆಕ್ಷೇಪವೇ. ಹೃದ್ರೋಗಿಗಳ ಪಕ್ಕದಲ್ಲಿ ಹೊಗೆ ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಬಣ್ಣ ಬಳಿಯಲು ಖಾಲಿ ಮಾಡಿದ ವಾರ್ಡು, ಉದ್ಘಾಟನೆಗೆ ಕಾದಿರುವ ಹೊಸ ಕಟ್ಟಡ ಇದ್ದೇ ಇರುತ್ತವೆ. ಅಕ್ಕಪಕ್ಕದ ರೋಗಿಗಳಿಗೆ ಆ ಹೊತ್ತಿಗೆ ತಿಳಿಸಿದರಾಯಿತು. ರಾತ್ರಿ ಮಂಚದ ಕೆಳಗೆ ಚಾಪೆ ಹಾಸಿ ಮಲಗುವ ರೋಗಿಯ ಕಡೆಯವರನ್ನಂತೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಅವರು ಗುಂಪುಗೂಡಿದರೆ ಅಡ್ಡಿ, ಕೆಲಸ ಹಚ್ಚಿದರೆ ಬಲ. ಗುತ್ತಿಗೆಯ ಕಾವಲುಗಾರರು, ಶುಚಿತ್ವದ ಕೆಲಸದವರು ಕೂಡ ಹಾಗೆಯೇ. ಬೊಂಬೆ ಹೊರುವುದು ಅವರೇ, ತರಬೇತಿಯ ಪಟ್ಟಿಯಲ್ಲಿ ಮಾತ್ರ ಅವರ ಹೆಸರಿರುವುದಿಲ್ಲ.

ನಿಯಮಗಳಿಗೆ ಕೊರತೆಯಿಲ್ಲ. ಎನ್‌ಎಬಿಎಚ್ ಮಾನ್ಯತೆಗೆ ವರ್ಷಕ್ಕೆ ಕನಿಷ್ಠ 2 ಅಣಕುಗಳು ಬೇಕು. ಹಾಗಾಗಿ ದಾಖಲೆ ಪುಸ್ತಕದಲ್ಲಿ ದಿನಾಂಕ, ಹಾಜರಾದವರ ಸಹಿ ಇರುತ್ತದೆ. ಯಾವ ಬಾಗಿಲು ತೆರೆಯಲಿಲ್ಲ, ಯಾವ ಅಲಾರಂ ಕೇಳಿಸಲಿಲ್ಲ, ಹೊರತಂದವರ ತಲೆ ಎಣಿಸಿದ್ದು ಯಾರು ಎಂಬುದು ಇರುವುದಿಲ್ಲ. ತಪ್ಪು ಬರೆದರೆ ಮೆಮೊ ಬರುತ್ತದೆಂಬ ಹೆದರಿಕೆ ಇರುವವರೆಗೆ ಯಾರೂ ಅದನ್ನು ಬರೆಯುವುದೂ ಇಲ್ಲ.

ನಮ್ಮ ಭಾಗದ ಆಸ್ಪತ್ರೆಗಳ ಆಡಳಿತ ಮಂಡಳಿಯಲ್ಲಿರುವವರು ಮುಂದಿನ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಲಿ: ರಾತ್ರಿ ಎರಡು ಗಂಟೆಗೆ, ಇರುವ ಸಿಬ್ಬಂದಿಯಿಂದ, ಮೇಲಿನ ಮಹಡಿಯ ಒಂದು ವಾರ್ಡು ಖಾಲಿ ಮಾಡಲು ಎಷ್ಟು ನಿಮಿಷ ಬೇಕು? ಅಂದಾಜು ಬೇಡ, ಗಡಿಯಾರ ಹಿಡಿದು ಅಳೆದ ಲೆಕ್ಕ ಬೇಕು.